ಈ ರೈಫಲ್ ಸ್ಕಂದಗಿರಿಗೆ ಬರಲ್ಲ

1/5

ಮೂರು ದಿನದಿಂದ ಇನ್‌ಬಾಕ್ಸ್ ತುಂಬಾ ಒಂದೇ ವಿಷಯ. "ರೈಫಲ್ ತಗೊಂಡ್ಯಂತೆ, ಫೋಟೊ ಎಲ್ಲಿ?" "ಭಾನುವಾರ ಸ್ಕಂದಗಿರಿಗೆ ತಗೊಂಡ್ ಬಾರೇ, ಸೂರ್ಯ ಹುಟ್ಟೋ ಟೈಮಲ್ಲಿ ಒಂದು ರೀಲ್ ಹೊಡೆಯೋಣ."

ತಗೊಂಡಿದ್ದು ನಿಜ. ಫೋಟೊ ಇಲ್ಲ. ಸ್ವೈಪ್ ಮಾಡಿದ್ರೆ ನಿಮಗೆ ಸಿಗೋದು ತೂತು ಬಿದ್ದ ಒಂದು ಟಾರ್ಗೆಟ್ ಕಾಗದ, ಪೆಲೆಟ್ ಡಬ್ಬಿ, ನಮ್ಮ ಖಾಲಿ ಹುಳು ಮನೆ, ಕೊನೆಗೆ ಬಸ್ ಕಿಟಕಿಯಿಂದ ತೆಗೆದ ಸ್ಕಂದಗಿರಿ. ಯಾಕೆ ಅಂತ ಹೇಳೋಕೆ ಒಂದು ಕ್ಯಾಪ್ಶನ್ ಸಾಲಲ್ಲ, ಅದಕ್ಕೇ ಐದು ಪೋಸ್ಟ್. ಪುರುಸೊತ್ತಿದ್ರೆ ಓದಿ.

ಮೊದಲು ಇದೇನು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಕ್ಲಾಸ್ ನಾನು ಸಿನಿಮಾದಲ್ಲಿ ಬರೋ ಗನ್ ತಂದಿದ್ದೀನಿ ಅಂದುಕೊಂಡಿದೆ. ಇದು 10 ಮೀಟರ್ ಏರ್ ರೈಫಲ್. ಮದ್ದಿಲ್ಲ, ಹೊಗೆ ಇಲ್ಲ. ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿ, ಅದು ತಳ್ಳೋ 4.5 ಮಿ.ಮೀ. ಸೀಸದ ಪೆಲೆಟ್, ತೂಕ ಸುಮಾರು ಅರ್ಧ ಗ್ರಾಂ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದುಕೊಟ್ಟಾಗ ಅವಳದು ಇನ್ನೂ ಹೈಸ್ಕೂಲ್ ವಯಸ್ಸು. "ಹುಡುಗೀರಿಗೆ ಯಾಕಿದು" ಅಂತ ಕಮೆಂಟ್ ಹಾಕಿದವರು ಈ ಸಾಲನ್ನ ಇನ್ನೊಂದು ಸಲ ಓದಿ.

2/5

ಪೆಟ್ಟಿಗೆ ತೆಗೆದಾಗ ಮೊದಲು ಅನ್ಸಿದ್ದು: ಅಯ್ಯೋ, ಇಷ್ಟು ಭಾರಾನಾ! ನಿಯಮದ ಪ್ರಕಾರ ಐದೂವರೆ ಕೆಜಿವರೆಗೂ ಇರಬಹುದು. ನನ್ನದು ನಾಲ್ಕು ಕೆಜಿ ಚಿಲ್ಲರೆ. ಎರಡು ನಿಮಿಷ ಹಿಡಿದು ನಿಂತ್ರೆ ಎಡಗೈ ನಡುಗೋಕೆ ಶುರು. ಸ್ಪರ್ಧೆಯಲ್ಲಿ ಒಂದೂಕಾಲು ಗಂಟೆ ನಿಂತು 60 ಏಟು ಹೊಡೀಬೇಕು.

ಎರಡನೆಯದು ಪಂಪ್. ಸಿಲಿಂಡರ್‌ಗೆ 200 ಬಾರ್ ಒತ್ತಡದ ಗಾಳಿ ತುಂಬಬೇಕು. ನಿಮ್ಮ ಸ್ಕೂಟಿ ಟೈರಿಗೆ ಹಾಕಿಸ್ತೀರಲ್ಲ, ಹೆಚ್ಚುಕಡಿಮೆ ಅದರ ನೂರು ಪಟ್ಟು. ಹ್ಯಾಂಡ್ ಪಂಪ್‌ನಲ್ಲಿ ತುಂಬಿಸೋಕೆ ಹೋಗಿ ನಾನು ಅರ್ಧಕ್ಕೇ ಕೂತ್ಕೊಂಡೆ, ಉಳಿದಿದ್ದು ಅಪ್ಪ ಹೊಡೆದರು. ಜಿಮ್‌ಗೆ ದುಡ್ಡು ಕಟ್ಟೋರು ನಮ್ಮನೆಗೆ ಬನ್ನಿ, ಫ್ರೀ.

ಇದು ಹೊಸದಲ್ಲ, ನನಗೆ ಹೊಸದು. ನಮ್ಮ ದೇಶದಲ್ಲೇ ತಯಾರಾಗಿದ್ದು, ಸೀನಿಯರ್ ಒಬ್ಬರು ನಾಲ್ಕು ವರ್ಷ ಬಳಸಿದ್ದು. ಅವರು ಉದ್ದ, ನಾನು ಗಿಡ್ಡ. ಹಿಂಬದಿ ಪ್ಲೇಟ್ ಭುಜಕ್ಕೆ ಕೂರಲ್ಲ, ಕೆನ್ನೆ ಇಡೋ ಹಲಗೆ ಎತ್ತರ ಸರಿಯಿಲ್ಲ. ಮೊದಲ ಸಂಜೆ ಪೂರ್ತಿ ಅಲೆನ್ ಕೀ ಹಿಡಿದು ಸ್ಕ್ರೂ ತಿರುಗಿಸಿದ್ದೇ ಆಯ್ತು, ಒಂದು ಏಟೂ ಹೊಡೀಲಿಲ್ಲ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರದಿದ್ರೆ ಕಣ್ಣು ಒಂದೇ ಸಾಲಿಗೆ ಬರಲ್ಲ, ಆಮೇಲೆ ಎಷ್ಟು ಗುರಿ ಇಟ್ರೂ ವೇಸ್ಟ್.

ಟ್ರಿಗರ್ ಬಗ್ಗೆ ಹೇಳ್ಲೇಬೇಕು. ಫಸ್ಟ್ ಇಯರ್‌ನಲ್ಲಿ ಎನ್‌ಸಿಸಿ ಕ್ಯಾಂಪಲ್ಲಿ ಪಾಯಿಂಟ್ 22 ರೈಫಲ್‌ನಿಂದ ಐದು ಗುಂಡು ಹಾರಿಸಿದ್ದೆ. ಅದರ ಟ್ರಿಗರ್ ಎಳೀಬೇಕಿತ್ತು. ಇದನ್ನ ಎಳೆಯೋದೇ ಇಲ್ಲ. ಗೂಡಿನಿಂದ ಎಳೆ ಬಿಡಿಸುವಾಗ ಬೆರಳಿಗೆ ತಾಗುತ್ತಲ್ಲ, ಅಷ್ಟೇ. ಮೊದಲ ಏಟು ನಾನು ರೆಡಿ ಆಗೋ ಮುಂಚೆನೇ ಹೋಯ್ತು. ಟಪ್ ಅಂತ ಸಣ್ಣ ಸದ್ದು, ಭುಜಕ್ಕೆ ಒದೆ ಇಲ್ಲ, ಕಾಗದದಲ್ಲಿ ಒಂದು ದುಂಡನೆ ತೂತು. ನನಗೆ ಖುಷಿಗಿಂತ ಭಯ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಗುರಿ ಕಾಣೋವರೆಗೂ ಬೆರಳು ಟ್ರಿಗರ್ ಹೊರಗೇ ಇರಬೇಕು ಅಂತ ಕ್ಯಾಂಪಲ್ಲಿ ನೂರು ಸಲ ಕೂಗಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

ಹತ್ತು ಮೀಟರ್ ದೂರದಲ್ಲಿ '10' ಅನ್ನೋ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಪೆನ್ನಿಂದ ಇಟ್ಟ ಫುಲ್‌ಸ್ಟಾಪ್. ದೊಡ್ಡ ಸ್ಪರ್ಧೆಗಳಲ್ಲಿ ಅದನ್ನೂ ದಶಾಂಶದಲ್ಲಿ ಒಡೆದು 10.9ರವರೆಗೆ ಅಳೀತಾರೆ. ಬೀಜಿಂಗ್ ಫೈನಲ್‌ನಲ್ಲಿ ಕೊನೆಯ ಏಟಿಗೆ ಮುಂಚೆ ಬಿಂದ್ರಾ ಮತ್ತು ಫಿನ್ಲೆಂಡ್‌ನ ಹಕ್ಕಿನೆನ್ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7. ನನ್ನ ಮೊದಲ ಹತ್ತು ಏಟಿಗೆ ನೂರಕ್ಕೆ 71. ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್‌ಗಿಂತ ಪರವಾಗಿಲ್ಲ.

3/5

ದುಡ್ಡಿನ ಲೆಕ್ಕ, ಬಿಕಾಂ ಅಲ್ವಾ. 48,000 ರೂಪಾಯಿ. ಆಡಿಟರ್ ಆಫೀಸಲ್ಲಿ ಬಿಲ್ ಎಂಟ್ರಿ ಮಾಡಿ ತಿಂಗಳಿಗೆ 3,500ರಂತೆ ಹತ್ತು ತಿಂಗಳು, 35,000. ಉಳಿದ 13,000 ಅಮ್ಮನ ಚೀಟಿ ದುಡ್ಡು. ಹೊರದೇಶದ ರೈಫಲ್ ಆದ್ರೆ ಲಕ್ಷಗಳ ಮಾತು. ಜಾಕೆಟ್, ಶೂ ಇನ್ನೂ ತಗೊಂಡಿಲ್ಲ.

ಅಮ್ಮ ಮೊದಲು ಕನ್ನಡದಲ್ಲಿ ಬೈದಳು, ಸಾಲದೆ ತೆಲುಗಲ್ಲಿ ಬೈದಳು. ನಮ್ಮ ಕಡೆ ಮನೆಗಳಲ್ಲಿ ಕೋಪ ಜಾಸ್ತಿಯಾದ್ರೆ ಭಾಷೆ ಬದಲಾಗತ್ತೆ, ನಿಮಗೂ ಗೊತ್ತು. ಕೊಟ್ಟವಳೂ ಅವಳೇ, ಬೈದವಳೂ ಅವಳೇ. ಸಂಜೆ ನೋಡಿದ್ರೆ ಪೆಟ್ಟಿಗೆ ಮೇಲೆ ಅರಿಶಿನ ಕುಂಕುಮ, ಒಂದು ಸೇವಂತಿಗೆ. ಬ್ಯಾರೆಲ್ ಒಳಗೆ ಕುಂಕುಮ ಹೋಗಿಲ್ಲ ತಾನೆ ಅಂತ ಟಾರ್ಚ್ ಬಿಟ್ಟು ನೋಡ್ದೆ.

ಅಪ್ಪ ಬೈಲಿಲ್ಲ, ಷರತ್ತು ಹಾಕಿದರು. ರೇಷ್ಮೆ ಬೆಳೆ ಬೆಳೆಯೋ ಮನೆಯವರಿಗೆ ಗೊತ್ತಿರತ್ತೆ, ಒಂದು ಬೆಳೆ ಮುಗಿದು ಗೂಡು ಶಿಡ್ಲಘಟ್ಟ ಮಾರ್ಕೆಟ್‌ಗೆ ಹೋದ ಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ ಕೆಲವು ದಿನ ಖಾಲಿ ಬಿಡ್ತೀವಿ. ಬಾಗಿಲಿಂದ ಆ ಕಡೆ ಗೋಡೆಗೆ ಟೇಪ್ ಹಿಡಿದು ನೋಡಿದ್ರೆ ಹತ್ತು ಮೀಟರ್‌ಗೂ ಒಂದು ಗೇಣು ಜಾಸ್ತಿ. ಅಪ್ಪ ಅಂದಿದ್ದು ಇಷ್ಟು: ಹೊಡೆಯುವಾಗ ಬಾಗಿಲಿಗೆ ಒಳಗಿಂದ ಚಿಲಕ. ಟಾರ್ಗೆಟ್ ಹಿಂದೆ ದಪ್ಪ ಕಬ್ಬಿಣದ ಪೆಟ್ಟಿಗೆ. ಹೊಡೆದ ಪೆಲೆಟ್ ಎಣಿಸಿ ವಾಪಸ್ ಡಬ್ಬಿಗೆ ಹಾಕಬೇಕು, ಒಂದು ಕಡಿಮೆಯಾದ್ರೂ ಹುಡುಕಬೇಕು. ಸೀಸ ಮುಟ್ಟಿದ ಕೈ ಸೋಪಲ್ಲಿ ತೊಳೀದೆ ಸೊಪ್ಪಿನ ಹತ್ತಿರ ಬರೋ ಹಾಗಿಲ್ಲ. ಚಾಕಿ ಹುಳ ಬರೋ ಮುಂಚೆ ಜಾಗ ತೊಳೆದು ಖಾಲಿ ಮಾಡಬೇಕು.

ಅಪ್ಪನಿಗೆ ಶೂಟಿಂಗ್ ಬಗ್ಗೆ ಏನೂ ಗೊತ್ತಿಲ್ಲ. ಹುಳ ಸತ್ರೆ ಏನಾಗತ್ತೆ ಅಂತ ಗೊತ್ತು.

4/5

ಈಗ ಸ್ಕಂದಗಿರಿ ವಿಷಯ. ಕೇಳಿದ್ದು ನೀವು ಮಾತ್ರ ಅಲ್ಲ, ದೊಡ್ಡಪ್ಪನ ಮಗ, ನಮ್ಮಣ್ಣನೂ ಕೇಳಿದ. "ಒಂದೇ ಒಂದು ಭಾನುವಾರ ಕೊಡು. ಪೆಲೆಟ್ ಬೇಡ. ಮೇಲೆ ಕೋಟೆ ಗೋಡೆ ಹತ್ರ ಹಿಡ್ಕೊಂಡು ನಿಂತ್ಕೊತೀನಿ, ನಾಲ್ಕು ಫೋಟೊ ಅಷ್ಟೆ." ನಾನು ಕೊಡಲ್ಲ ಅಂದೆ. ಎರಡನೇ ಸಲ ದೊಡ್ಡಮ್ಮನ ಕೈಲಿ ಕೇಳಿಸಿದ. ಆಗಲೂ ಕೊಡಲ್ಲ ಅಂದೆ. ಅವತ್ತಿಂದ ಅವನು ನನ್ನ ಜೊತೆ ಮಾತಾಡ್ತಿಲ್ಲ.

ನಾನು ಏಳನೇ ಕ್ಲಾಸಲ್ಲಿದ್ದಾಗ ಕ್ಯಾಟರ್‌ಬಿಲ್ಲು ಹೊಡೆಯೋದು ಕಲಿಸಿದ್ದು ಅವನೇ. ತೋಟದ ಬೇಲಿ ಮೇಲೆ ಒಂದು ಪಿಕಳಾರ ಕೂತಿತ್ತು. ಇಬ್ಬರೂ ಒಟ್ಟಿಗೆ ಕಲ್ಲು ಬಿಟ್ವಿ, ಯಾರದ್ದು ತಗಲಿತು ಅಂತ ಇವತ್ತಿಗೂ ಗೊತ್ತಿಲ್ಲ. ಬಿದ್ದ ಹಕ್ಕಿ ಸಾಯಲಿಲ್ಲ, ಕೊಕ್ಕು ತೆಗೆದು ಮುಚ್ಚಿ ಮಾಡ್ತಿತ್ತು. ಅಣ್ಣ ಓಡಿಹೋಗಿ ತೊಟ್ಟಿಯಿಂದ ಬೊಗಸೆಯಲ್ಲಿ ನೀರು ತಂದ. ಕುಡಿಸೋಕೆ ನೋಡ್ದ, ನೀರೆಲ್ಲ ಅದರ ಎದೆ ಮೇಲೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಸುಮ್ಮನಾಯ್ತು. ನಾವು ಗುರಿ ಇಡೋಕೆ ಕಾರಣವೇ ಇರಲಿಲ್ಲ. ಕೈಯಲ್ಲಿ ಬಿಲ್ಲಿತ್ತು, ಎದುರಿಗೆ ಹಕ್ಕಿ ಇತ್ತು.

ಅವನು ಕೆಟ್ಟವನಲ್ಲ ಅಂತ ನನಗೆ ಆ ನೀರಿನಿಂದ ಗೊತ್ತು. ನಾನೂ ಕೆಟ್ಟವಳಲ್ಲ. ಹಕ್ಕಿ ಸತ್ತಿತು ಅಷ್ಟೆ.

ಸ್ಕಂದಗಿರಿಯಂಥ ಬಂಡೆ ಗುಡ್ಡಗಳಲ್ಲಿ, ನಂದಿ ಸಾಲಲ್ಲಿ ಹಳದಿ ಕೊರಳಿನ ಪಿಕಳಾರ ಅಂತ ಇದೆ. ದಕ್ಷಿಣ ಭಾರತದ ಕುರುಚಲು ಕಾಡಿನ ಕಲ್ಲುಗುಡ್ಡ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ. ಅಪಾಯದ ಪಟ್ಟಿಯಲ್ಲಿದೆ. ದೂರದೂರದಿಂದ ದೊಡ್ಡ ದೊಡ್ಡ ಲೆನ್ಸ್ ಹೊತ್ಕೊಂಡು ಅದನ್ನ ನೋಡೋಕೆ ಬರ್ತಾರೆ. ಪಾಪಾಗ್ನಿ ಮಠದ ಹತ್ತಿರ ಹತ್ತೋಕೆ ಶುರು ಮಾಡೋ ನಾವು ಅದರ ಹೆಸರೂ ಕೇಳಿರಲ್ಲ.

5/5

"ಲೈಸೆನ್ಸ್ ಬೇಡ್ವಲ್ಲ, ಮತ್ತೇನು?" ಅಂತ ಒಬ್ಬ ಕೇಳಿದ. ಹೌದು, ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ಶಕ್ತಿ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ನನ್ನದು ಏಳೆಂಟು ಜೂಲ್. ನನಗನ್ಸೋ ಪ್ರಕಾರ ತೊಂದರೆ ಇಲ್ಲಿಂದಲೇ ಶುರು. ಲೈಸೆನ್ಸ್ ಬೇಡ ಅಂದ ತಕ್ಷಣ ಜನ ಆಟಿಕೆ ಅಂದುಕೊಳ್ತಾರೆ. ಆ ಏಳೆಂಟು ಜೂಲ್ ಒಂದು ಕಣ್ಣು ತೆಗೆಯೋಕೆ ಸಾಕು, ಹಕ್ಕಿಗಂತೂ ಧಾರಾಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಕೊಲ್ಲೋಕೆ ಪ್ರಯತ್ನಪಟ್ರೂ ಬೇಟೆಯೇ. ಅರುಣಾಚಲದಲ್ಲಿ 2021ರ ಮಾರ್ಚ್‌ನಲ್ಲಿ ಏರ್ ಗನ್ ಒಪ್ಪಿಸೋ ಅಭಿಯಾನವನ್ನೇ ಶುರು ಮಾಡಿದ್ರು. ಕಾಡು ತುಂಬಿದ ರಾಜ್ಯದಲ್ಲಿ ಹಕ್ಕಿಗಳ ಸದ್ದು ಕಡಿಮೆ ಆಗ್ತಿದೆ ಅಂತ ಊರಿನವರು ತಾವೇ ಬಂದು ಕೊಟ್ಟರು.

ಹಾಗಂತ ಬಂದೂಕು ಮುಟ್ಟೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದ್ರೆ 48,000 ಸುರಿದಿದ್ದು ಯಾಕೆ? ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು ಹೂವಿಟ್ಟು ಪೂಜೆ ಮಾಡ್ತಾರೆ, ಆಮೇಲೆ ಮರದ ತುದಿಯಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ. ಊರೆಲ್ಲ ನೋಡ್ತಿರತ್ತೆ. ಯಾರು, ಎಲ್ಲಿ ನಿಂತು, ಯಾವುದಕ್ಕೆ ಹೊಡೀಬೇಕು ಅಂತ ಎಲ್ಲರಿಗೂ ಗೊತ್ತಿರತ್ತೆ. ನಮ್ಮ ಕಡೆ ಆ ಅಭ್ಯಾಸ ಇಲ್ಲ. ನಮಗೆ ಗನ್ ಅಂದ್ರೆ ಸ್ಲೋ ಮೋಷನ್ ಮತ್ತು ಬಿಜಿಎಂ. 2025ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಲಾಂಗ್ ಹಿಡಿದು ರೀಲ್ ಮಾಡಿದ್ದಕ್ಕೆ ಟಿವಿಯಲ್ಲಿ ಕಾಣಿಸ್ಕೊಂಡ ಇಬ್ಬರು ಸ್ಟೇಷನ್ ಮೆಟ್ಟಿಲು ಹತ್ತಿದ್ದು ನೆನಪಿದೆ ತಾನೆ? ಬೆಟ್ಟದ ಮೇಲಿನ ಫೋಟೊ ನೋಡೋರಿಗೆ ಅದು ಗಾಳಿ ರೈಫಲ್ಲಾ, ನಿಜದ್ದಾ ಅಂತ ಗೊತ್ತಾಗಲ್ಲ. ಗೊತ್ತಾಗದಿರಲಿ ಅಂತಾನೇ ಅಲ್ವಾ ಹಾಗೆ ತೆಗೆಯೋದು?

ನಾನೇನೂ ದೊಡ್ಡ ಸಾಚಾ ಅಲ್ಲ. ತಂದ ರಾತ್ರಿ ಬೀರು ಕನ್ನಡಿ ಮುಂದೆ ಹಿಡಿದು ನಿಂತು ಏಳು ಫೋಟೊ ತೆಗೆದಿದ್ದೆ. ಒಂದು ನಿಜಕ್ಕೂ ಚೆನ್ನಾಗಿತ್ತು. ಸ್ಟೋರಿಗೆ ಹಾಕೋಕೆ ಹಾಡು ಕೂಡ ಹುಡುಕಿದ್ದೆ. ಆಮೇಲೆ ಗಮನಿಸಿದ್ರೆ ಏಳೂ ಫೋಟೊದಲ್ಲಿ ನನ್ನ ಬೆರಳು ಟ್ರಿಗರ್ ಮೇಲೇ ಇತ್ತು. ಹುಳು ಮನೆಯಲ್ಲಿ ಒಂದು ಸಲವೂ ಆ ತಪ್ಪು ಮಾಡದವಳು ಕ್ಯಾಮೆರಾ ಮುಂದೆ ಏಳು ಸಲ ಮಾಡಿದ್ದೆ. ಡಿಲೀಟ್ ಮಾಡಿದೆ.

ನೋಡಬೇಕು ಅನ್ನೋರು ಮನೆಗೆ ಬನ್ನಿ. ಒಬ್ಬೊಬ್ಬರಿಗೂ ಐದು ಪೆಲೆಟ್ ಕೊಡ್ತೀನಿ, ಕಾಗದಕ್ಕೆ ಹೊಡೀರಿ, ಎಣಿಸಿ ಡಬ್ಬಿಗೆ ಹಾಕಿ, ಕೈ ತೊಳೆದು ಅಮ್ಮನ ಕಾಫಿ ಕುಡಿದು ಹೋಗಿ. ಫೋನ್ ಹೊರಗೆ ಜಗಲಿ ಮೇಲೆ ಇಟ್ಟಿರಬೇಕು. ಅಣ್ಣನಿಗೂ ಇದನ್ನೇ ಮೆಸೇಜ್ ಮಾಡಿದ್ದೀನಿ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಗುರುವಾರ ಚಾಕಿ ಹುಳ ಬರತ್ತೆ, ಅಲ್ಲಿವರೆಗೆ ಇನ್ನು ಮೂರು ಸಂಜೆ ಇದೆ.