ದೊಡ್ಡ ಬೋರಿನ ಕೋವಿಗೆ ಅತಿವೇಗದ ತೋಟೆ ತಕ್ಕದ್ದೇ?

ಸಂತೆಕಲ್ಲೂರಿನ ಸುತ್ತಣ ಹೊಲಗಳಲ್ಲಿ ಜೋಳ, ಶೇಂಗಾ ಕೈಗೆ ಬರುವ ಹೊತ್ತಿಗೆ ಕಾಡುಹಂದಿಯ ಕಾಟವೂ ಹೆಚ್ಚುವುದು. ಬೆಳೆ ಕಾಯಲು ಲೈಸೆನ್ಸು ಪಡೆದ ಜಮೀನುದಾರರಲ್ಲಿಯೂ, ಹಿರಿಯರ ಕಾಲದ ದೊಡ್ಡ ಬೋರಿನ ರೈಫಲು ಉಳಿದಿರುವ ಮನೆತನಗಳಲ್ಲಿಯೂ, ತೋಟೆಯ ವೇಗ ಹೆಚ್ಚಿದಷ್ಟೂ ಕೆಲಸ ಲೇಸೆಂಬ ನಂಬಿಕೆಯುಂಟು. ಇದು ಅರ್ಧ ಸತ್ಯ. ಬಯಲುಸೀಮೆಯಲ್ಲಿ ಪ್ರಾಣಾಪಾಯಕರವಾದ ಅರ್ಧ ಸತ್ಯ.

ವೇಗಕ್ಕೆ ಮಹಿಮೆ ಇಲ್ಲವೆಂದಲ್ಲ. ಗುಂಡಿನ ತೂಕ ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಆದರೆ ದೊಡ್ಡ ಬೋರಿನ ಕೋವಿಗಳು ಹುಟ್ಟಿದ್ದು ವೇಗವನ್ನು ನಂಬಿ ಅಲ್ಲ. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬರು ಆನೆಗಳಿಗೆ ಬಳಸಿದವು 4 ಮತ್ತು 8 ಬೋರಿನ ಕರಿಮದ್ದಿನ ಕೋವಿಗಳು. ಅಂಥವುಗಳ ಗುಂಡು ಸೆಕೆಂಡಿಗೆ 1,500 ಅಡಿಯ ಆಸುಪಾಸಿನಲ್ಲಿ ಹೊರಡುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ತರುವಾಯ .470 ಬೋರಿನ 500 ಗ್ರೇನ್ ಗುಂಡಿಗೆ 2,150 ಅಡಿ ಸಾಕೆನಿಸಿತು. 1912ರ .375 ಮ್ಯಾಗ್ನಮ್ಮಿನ 300 ಗ್ರೇನ್ ಗುಂಡಿನ ವೇಗ ಸುಮಾರು 2,500 ಅಡಿ. ಆನೆ ಕಾಟಿಗಳಿಗೆಂದು ಮಾಡಿದ ಈ ಲೆಕ್ಕವನ್ನು ಶೇಂಗಾ ಹೊಲದ ಹಂದಿಗಾಗಿ ಮೀರಬೇಕಾದುದೇನು?

ಮೊದಲು ಕೋವಿಯ ಕ್ಷೇಮವನ್ನು ನೋಡತಕ್ಕದ್ದು. 1898ರಲ್ಲಿ ರಿಗ್ಬಿಯವರು ಹೊರತಂದ .450 ನೈಟ್ರೋ ತೋಟೆಯ ಕವಚವು ಹಳೆಯ .450 ಕರಿಮದ್ದಿನ ತೋಟೆಯಂತೆಯೇ ಮೂರೂಕಾಲು ಅಂಗುಲ ಉದ್ದ. ಆದಕಾರಣ ಹೊಸದು ಹಳೆಯ ನಳಿಗೆಯೊಳಗೆ ಸಲೀಸಾಗಿ ಕೂರುವುದು. ಆದರೆ ಅದರ ಒತ್ತಡವನ್ನು ತಾಳುವ ಬಲ ಆ ನಳಿಗೆಗಿಲ್ಲ. ಬೋರಿನ ಅಂಕಿ ಒಂದೇ ಎಂದು ತೋಟೆ ತುಂಬಿದವನ ಕೈ, ಕಣ್ಣು ಉಳಿಯುವುದು ದೈವಾಧೀನ. ನಳಿಗೆಯ ಕೆಳಗಿರುವ ಪರೀಕ್ಷಾ ಮುದ್ರೆಯನ್ನು ಲೈಸೆನ್ಸುಳ್ಳ ಕೋವಿ ರಿಪೇರಿಯವರಿಗೆ ತೋರಿಸದೆ ಅಜ್ಜನ ರೈಫಲಿಗೆ ತೋಟೆ ಕೊಳ್ಳಲಾಗದು.

ಇನ್ನು ಗುಂಡಿನ ರಚನೆ. ಮೃದು ಮೂತಿಯ ಗುಂಡನ್ನು ಒಂದು ನಿಯತ ವೇಗಕ್ಕೆಂದೇ ಮಾಡಿರುತ್ತಾರೆ. ಅದನ್ನು ಮೀರಿದರೆ, ಸಮೀಪದಲ್ಲಿ, ಹಂದಿಯ ಭುಜದ ದಪ್ಪ ಚರ್ಮ ಮೂಳೆಗಳಿಗೆ ತಾಗಿ ಅದು ಒಳಹೋಗುವ ಮೊದಲೇ ಚೂರಾಗಬಹುದು. ಗಾಯಗೊಂಡ ಹಂದಿ ಹತ್ತಿಯ ಸಾಲಿನಲ್ಲಿ ಅಡಗಿ, ಮರುದಿನ ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳ ಮೇಲೆ ನುಗ್ಗುವುದು. ಗಟ್ಟಿ ಗುಂಡಾದರೋ ಹಂದಿಯನ್ನು ತೂರಿ ಮುಂದೆ ಸಾಗುವುದು.

ಆ ಗುಂಡು ಎಲ್ಲಿ ನಿಲ್ಲುವುದೆಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಮಲೆನಾಡಿನಲ್ಲಿ ಗುಡ್ಡವೋ ಮರವೋ ಅಡ್ಡವಾದೀತು. ಈ ದೋಅಬ್ ಸೀಮೆಯ ಎರೆಭೂಮಿ ಅಂಗೈಯಂತೆ ಸಮ. ಗುರಿ ತಪ್ಪಿದ ರೈಫಲ್ ಗುಂಡು ಮೂರು ನಾಲ್ಕು ಕಿಲೋಮೀಟರು ಹೋಗಬಲ್ಲುದು. ಅಷ್ಟರೊಳಗೆ ಕುರಿಹಟ್ಟಿಯುಂಟು, ರಾತ್ರಿ ಗದ್ದೆಗೆ ನೀರು ಹಾಯಿಸುವವರುಂಟು. ಮಸ್ಕಿಯ ಕಡೆಯ ಕಲ್ಲುಗುಡ್ಡಗಳನ್ನು ಆಸರೆಯೆಂದು ನಂಬುವಂತಿಲ್ಲ. ಬಂಡೆಗೆ ತಾಗಿದ ಗುಂಡು ಚಿಮ್ಮಿ ಯಾವ ದಿಕ್ಕಿಗಾದರೂ ತಿರುಗೀತು. ಈಶಾಪುರದ ಸರಕಾರಿ ಕಾರ್ಖಾನೆಯ .315 ರೈಫಲಿನ ಗುಂಡು ಅತಿವೇಗದ್ದಲ್ಲ. ಆದರೂ ಅದಕ್ಕೂ ಈ ಮಾತು ಸಲ್ಲುವುದು.

ಕಾಯಿದೆಯ ವಿಷಯ ಸ್ಪಷ್ಟವಿದೆ. 1972ರ ವನ್ಯಜೀವಿ ಕಾಯಿದೆಯಂತೆ ವಿನೋದದ ಬೇಟೆ ಅಪರಾಧ. 2022ರ ತಿದ್ದುಪಡಿಯ ಮೇರೆಗೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅಪ್ಪಣೆ ಅವಶ್ಯ. ಚಿಗರಿ ಮೊದಲನೆಯ ಅನುಸೂಚಿಯದು. ಬೆಳೆ ತಿಂದಿತೆಂಬ ಕಾರಣಕ್ಕೆ ಅದಕ್ಕೆ ಅಪ್ಪಣೆಯೇ ಇಲ್ಲ.

ಅಪ್ಪಣೆ ದೊರೆತಲ್ಲಿ, ಲೈಸೆನ್ಸಿನಲ್ಲಿ ನಮೂದಾದ 12 ಬೋರಿನ ಕೋವಿಯೇ ಉತ್ತಮ. ಮೂವತ್ತು ಗಜದೊಳಗೆ ಎಸ್.ಜಿ. ಚರೆಯ ತೋಟೆ ಹಂದಿಗೆ ಸಾಕಾಗುವುದು. ಚರೆಗಳು ಬೇಗನೆ ವೇಗ ಕಳೆದುಕೊಳ್ಳುವುದೇ ಇಲ್ಲಿ ಗುಣ. ರೈಫಲೇ ಅನಿವಾರ್ಯವಾದರೆ ಅದರ ನಳಿಗೆಗೆ ನೇಮಿಸಿದ ಭಾರವಾದ, ಮಂದವೇಗದ ಗುಂಡನ್ನು ಅಟ್ಟಣಿಗೆಯ ಮೇಲಿನಿಂದ, ಹಂದಿಯ ಹಿಂದೆ ಮೆತ್ತನೆಯ ನೆಲ ಕಾಣುವಂತೆ, ಕೆಳಮುಖವಾಗಿ ಹಾರಿಸತಕ್ಕದ್ದು. ಆ ದಿನ ಸಂಜೆಯೇ ಗೌಡರು ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಹಾಕಿಸಿ, ಯಾವ ದಿಕ್ಕಿನ ಹೊಲಗಳಿಗೆ ರಾತ್ರಿ ಯಾರೂ ಹೋಗಕೂಡದೆಂಬುದನ್ನು ಕುರಿಗಾರರಿಗೂ ನೀರು ಹಾಯಿಸುವವರಿಗೂ ತಿಳಿಸಬೇಕು.