ಕಲ್ಯಾಣದ ಬಾಗಿಲಲ್ಲಿ ಇನ್ನೂ ನಿಂತಿದ್ದಾನೆ

ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಬಾಡೂಟದ ಜಗಳ ಮುಗಿದ ಕತೆ, ಮತ್ತೆ ಕೆದಕಬೇಡಿ ಎನ್ನುವವರಿದ್ದಾರೆ. ಕೆದಕಲೇಬೇಕು. 2024ರ ಡಿಸೆಂಬರಿನ 87ನೇ ಸಮ್ಮೇಳನಕ್ಕೆ ಹೊರಡಿಸಿದ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿಗೆ ಸೇರಿಸಿ ನಿಷೇಧಿಸಿದ್ದರು. ಮದ್ದೂರು, ಮಳವಳ್ಳಿ ಸೀಮೆಯ ಎಷ್ಟೋ ಮನೆಗಳ ಹಬ್ಬದಡುಗೆ ಬೀಡಿ, ಬ್ರಾಂದಿಯ ಜೊತೆ ಕೂತು ದುಶ್ಚಟವಾಯಿತು. ಪ್ರಶ್ನಿಸಿದವರಿಗೆ ಸಿಕ್ಕ ಉತ್ತರ: ಸಾಹಿತ್ಯಕ್ಕೆ ಬಂದಿರೋ, ಊಟಕ್ಕೆ ಬಂದಿರೋ?

ಹಾಗೆ ಕೇಳುವವರು ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು ಎಂಬ ಭಾಗವನ್ನು ಒಂದು ರಾತ್ರಿ ಕೂತು ಕೇಳಲಿ. ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಕೊಳೆತು ನಾರುವ ಮೈಯಲ್ಲಿ, ಸತ್ತ ಕರುವನ್ನೂ ಹೆಂಡವನ್ನೂ ಹೊತ್ತು. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ ನಡೆಯುವ ಊರು ಅವರನ್ನು ಬಾಗಿಲಲ್ಲೇ ತಡೆದು ಹೊಡೆದಟ್ಟುತ್ತದೆ. ಬಸವಣ್ಣ, ನೀಲಮ್ಮ ತಿಪ್ಪೆಯವರೆಗೂ ನಡೆದು ಬರಬೇಕಾಗುತ್ತದೆ. ಸ್ನಾನ ಮಾಡಿ, ಹೆಂಡ ಚೆಲ್ಲಿ ಒಳಗೆ ಬಾ ಎನ್ನುವುದು ಒಪ್ಪಿಗೆಯಲ್ಲ ಎಂದು ಈ ಕಾವ್ಯದ ಹಾಡುಗಾರರಾದ ನೀಲಗಾರರು ಶತಮಾನಗಳಿಂದ ಹಾಡುತ್ತಿದ್ದಾರೆ. ಆ ಕತೆಯಲ್ಲಿ ಪರೀಕ್ಷೆಗೆ ಕೂತಿರುವುದು ಕಲ್ಯಾಣ.

ಇದು ದೂರದ ಕತೆಯೂ ಅಲ್ಲ. ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ದಪ್ಪಾಜಿಯಾದ ಕೆಂಪಾಚಾರಿ ನಮ್ಮ ಮದ್ದೂರು ತಾಲ್ಲೂಕಿನ ನಿಡುಘಟ್ಟದ ಹುಡುಗ. ಗುರುವಿಗಾಗಿ ಕಬ್ಬಿಣದ ಭಿಕ್ಷೆ ಬೇಡಿದ್ದು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ, ತನ್ನದೇ ಕುಲದ ಪಾಂಚಾಳರ ಮನೆಬಾಗಿಲಲ್ಲಿ. ಅವರು ವಿಷವಿಕ್ಕಿದರು. ಪರಕೀಯನಿಗಿಂತ ದಾರಿ ಬದಲಿಸಿದ ಮನೆಮಗನ ಮೇಲೆ ಸಿಟ್ಟು ಹೆಚ್ಚು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕಾವ್ಯ ನಮ್ಮಲ್ಲಿ ಇನ್ನೊಂದು ನನಗೆ ಕಂಡಿಲ್ಲ.

ಆ ಸಿಟ್ಟನ್ನೇ 2025ರಲ್ಲಿ ಮತ್ತೆ ನೋಡಿದೆವು. ಬಾನು ಮುಷ್ತಾಕ್ ಕನ್ನಡಕ್ಕೆ ಅಂತರರಾಷ್ಟ್ರೀಯ ಬೂಕರ್ ತಂದಾಗ ಚಪ್ಪಾಳೆ. ಅವರೇ ಮೈಸೂರು ದಸರಾ ಉದ್ಘಾಟಿಸುತ್ತಾರೆ ಎಂದಾಗ ಸುಪ್ರೀಂ ಕೋರ್ಟಿನವರೆಗೂ ತಕರಾರು. 2017ರಲ್ಲಿ ಕವಿ ನಿಸಾರ್ ಅಹಮದ್ ಅದೇ ಚಾಮುಂಡಿ ಬೆಟ್ಟದಲ್ಲಿ ಅದೇ ಕೆಲಸ ಮಾಡಿದ್ದರು. ಪುಸ್ತಕ ನಮ್ಮದು, ಬರೆದವಳು ಮಾತ್ರ ಹೊರಗಿನವಳು ಎಂಬುದು ಯಾವ ಸೀಮೆಯ ಕನ್ನಡಾಭಿಮಾನ?

ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಗೂ ಇದೇ ಗತಿ. ಜಾತಿಮತ ನೋಡದೆ ಸಾಲಾಗಿ ಕೂತು ಬಾಡು ಉಣ್ಣುವ ಸೇವೆ ಅದು. ಪ್ರಾಣಿಬಲಿ ತಡೆಯುವ 1959ರ ಕಾಯ್ದೆ ಹಿಡಿದು ಅದಕ್ಕೆ ಅಡ್ಡಿ ಮಾಡುತ್ತಾರೆ. ಇದು ಬಲಿಯಲ್ಲ, ನಮ್ಮ ಅನ್ನ ಎಂದು ಒಕ್ಕಲಿನವರು ಹೇಳುತ್ತಲೇ ಇದ್ದಾರೆ. ಮಂಟೇಸ್ವಾಮಿ ಕಾವ್ಯದ ಮೇಲೆ ಪಿಎಚ್.ಡಿ. ಮಾಡಿ ಬಡ್ತಿ ಪಡೆದ ಪ್ರಾಧ್ಯಾಪಕರಲ್ಲಿ ಎಷ್ಟು ಮಂದಿ ಅವರ ಪರ ಒಂದು ಪತ್ರ ಬರೆದಿದ್ದಾರೆ? ತಂಬೂರಿ, ಗಗ್ಗರ ವೇದಿಕೆಯ ಅಲಂಕಾರಕ್ಕೆ ಬೇಕು. ಹಾಡಿದವರ ಪಕ್ಕ ಎಲೆ ಹಾಕಿಸಿಕೊಳ್ಳಲು ಹಿಂಜರಿಕೆ. ಅವರ ಬಾಯಿಂದ ಬರೆದುಕೊಂಡ ಪುಸ್ತಕದ ರಕ್ಷಾಪುಟದಲ್ಲಿ ಸಂಪಾದಕರ ಹೆಸರು ದಪ್ಪಕ್ಷರದಲ್ಲಿ, ಹಾಡುಗಾರರ ಹೆಸರು ಒಳಗೆಲ್ಲೋ ಕೃತಜ್ಞತೆಯ ಸಾಲಿನಲ್ಲಿ. ಈ ಅನ್ಯಾಯವನ್ನು ನಾನು ಹೋದಲ್ಲೆಲ್ಲ ಎತ್ತುತ್ತೇನೆ, ಎತ್ತುತ್ತಲೇ ಇರುತ್ತೇನೆ.

ಮುಂದಿನ ಸಂಚಿಕೆ ನೀಲಗಾರರದು. ಚಿಕ್ಕರಸಿನಕೆರೆ ಹೋಬಳಿಯಿಂದ ಹಲಗೂರಿನವರೆಗಿನ ಓದುಗರು ತಮ್ಮೂರಲ್ಲಿ ಕೇಳಿದ ಸಾಲುಗಳನ್ನು ಬರೆದು ಕಳಿಸಿ. ಹಾಡಿದವರ ಒಪ್ಪಿಗೆ, ಹೆಸರು, ಊರು ಇಲ್ಲದ ಬರಹ ಅಚ್ಚಾಗುವುದಿಲ್ಲ. ಸಂಭಾವನೆಯ ಅರ್ಧ ಅವರಿಗೇ ಸಲ್ಲುತ್ತದೆ.