ಉಡ ನಮ್ಮ ದೋಸ್ತ ಅಲ್ಲ, ಆದರೂ ಕೊಲ್ಲಬ್ಯಾಡ್ರಿ



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಆರನೇ ತರಗತಿಯ ಒಬ್ಬ ತಮ್ಮ ಡ್ರ್ಯಾಗನ್ ಚಿತ್ರ ತೆಗೆದಿದ್ದ. ಡ್ರ್ಯಾಗನ್ ಒಬ್ಬ ಹುಡುಗನ ಜೋಡಿ ದೋಸ್ತಿ ಮಾಡ್ತದ, ಅವನ ಮಾತು ಮಾತ್ರ ಕೇಳ್ತದ, ಅವನನ್ನು ಬೆನ್ನ ಮ್ಯಾಲ ಕೂಡಿಸಿಕೊಂಡು ಹಾರ್ತದ, ಅವನ ಸಲುವಾಗಿ ಜೀವಾನೂ ಕೊಡ್ತದ ಅಂತ ಕೆಳಗೆ ಬರೆದಿದ್ದ. ಚಿತ್ರ ಭಾಳ ಛಂದ ಇತ್ತು. ಆದರೆ ಡ್ರ್ಯಾಗನ್ ಅನ್ನೋದು ಕಥೆಯಲ್ಲಿ ಮಾತ್ರ ಇರುವ ಪ್ರಾಣಿ. ಅದರಂತೆ ಕಾಣುವ ಖರೇ ಪ್ರಾಣಿ ನಮ್ಮ ಹೊಲದ ಬದುವಿನಾಗೇ ಅದ. ಅದೇ ಉಡ. ಮರಾಠಿ ಮಾತಾಡುವವರು ಘೋರ್ಪಡ ಅಂತಾರ. ಅದರ ಗುಣ ಏನು, ಅದು ಮನುಷ್ಯರ ಜೋಡಿ ದೋಸ್ತಿ ಮಾಡ್ತದೋ ಇಲ್ಲೋ, ನಾವು ಅದರ ಜೋಡಿ ಹ್ಯಾಂಗ ಇರಬೇಕು ಅಂತ ನನ್ನ ವಿಚಾರ ಬರೆಯುತ್ತೇನೆ.

ಇಂಡೋನೇಷ್ಯಾ ದೇಶದಲ್ಲಿ ಕೊಮೊಡೊ ಡ್ರ್ಯಾಗನ್ ಎಂಬ ಪ್ರಾಣಿ ಇದೆ. ಸುಮಾರು 10 ಅಡಿ ತನಕ ಉದ್ದ ಬೆಳೆಯುತ್ತದೆ. ವಿಜ್ಞಾನಿಗಳು ಅದಕ್ಕೆ ಹೆಸರು ಕೊಟ್ಟದ್ದು 1912ರಲ್ಲಿ. ಅದೂ ಉಡದ ಜಾತಿಯದೇ. ಅಂದರೆ ನಮ್ಮ ಉಡಕ್ಕೂ ಅದಕ್ಕೂ ಅಣ್ಣ ತಮ್ಮಂದಿರ ಸಂಬಂಧ. ನಮ್ಮ ಉಡ ಬಾಲ ಸೇರಿ ಐದೂವರೆ ಅಡಿ ತನಕ ಬೆಳೆಯುತ್ತದೆ. ಮೈಯೆಲ್ಲ ಒರಟು ಚರ್ಮ, ಹಾವಿನಂತೆ ಸೀಳಿದ ನಾಲಿಗೆ, ಚೂಪಾದ ಉಗುರು. ಬೆಂಕಿ ಒಂದು ಉಗುಳುವುದಿಲ್ಲ ಅಷ್ಟೇ!

ಉಡದ ಗುಣಗಳನ್ನು ನಾನು ಪುಸ್ತಕದಲ್ಲಿ ಓದಿದ್ದು ಮತ್ತು ನಮ್ಮ ಮುತ್ಯಾನ ಬಾಯಿಂದ ಕೇಳಿದ್ದು ಸೇರಿಸಿ ಹೇಳುತ್ತೇನೆ.

ಮೊದಲನೆಯದು, ಅದರ ಕಣ್ಣು ಭಾಳ ಚುರುಕು. ಮನುಷ್ಯ ಸುಮಾರು 250 ಮೀಟರ್ ದೂರ ಇದ್ದಾಗಲೇ ಅವನ ಅಲುಗಾಟ ಅದಕ್ಕೆ ಗೊತ್ತಾಗುತ್ತದೆ. ಅದಕ್ಕೇ ನಾವು ನೋಡುವುದರೊಳಗೆ ಅದು ಓಡಿ ಹೋಗಿರ್ತದ. ಎರಡನೆಯದು, ನಾಲಿಗೆ ಹೊರಗೆ ಒಳಗೆ ಆಡಿಸಿ ವಾಸನೆ ತಿಳಿದುಕೊಳ್ಳುತ್ತದೆ. ಮೂರನೆಯದು, ನೀರಿನಾಗ ಮುಳುಗಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಬಲ್ಲದು. ನಾಲ್ಕನೆಯದು, ಗಂಡು ಉಡಗಳು ಜಗಳಾಡುವಾಗ ಹಿಂಗಾಲ ಮ್ಯಾಲ ಎದ್ದು ನಿಂತು ಕುಸ್ತಿ ಪೈಲವಾನರ ಹಾಗೆ ಒಂದಕ್ಕೊಂದು ತೆಕ್ಕಿ ಹಾಯ್ತಾವ. ಐದನೆಯದು, ಯಾರಾದರೂ ಬೆನ್ನು ಹತ್ತಿದರೆ ಬಿಲದೊಳಗೆ ಹೊಕ್ಕು ಗಾಳಿ ಎಳೆದುಕೊಂಡು ಮೈ ಉಬ್ಬಿಸುತ್ತದೆ, ಉಗುರು ಊರುತ್ತದೆ. ಆಮ್ಯಾಲ ಬಾಲ ಹಿಡಿದು ಎಷ್ಟು ಜಗ್ಗಿದರೂ ಬರುವುದಿಲ್ಲ. ಹಟ ಬಿಡದವರಿಗೆ 'ಉಡದ ಪಟ್ಟು' ಅನ್ನುವುದು ಇದಕ್ಕೇ.

ಉಡದ ತಾಯಿಯ ಗುಣ ನನಗೆ ಭಾಳ ಸೋಜಿಗ ಅನಿಸಿತು. ಮಳೆಗಾಲದ ಆಜೂಬಾಜು ಅದು ನೆಲದಲ್ಲಿ ಗುಂಡಿ ತೋಡಿ, ಇಲ್ಲವೆ ಹುತ್ತದೊಳಗೆ, ಸುಮಾರು 20 ಮೊಟ್ಟೆ ಇಡುತ್ತದೆ. ಮಣ್ಣು ಮುಚ್ಚಿ ಮೂತಿಯಿಂದ ಒತ್ತಿ ಗಟ್ಟಿ ಮಾಡುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ಪಕ್ಕದಲ್ಲಿ ಸುಳ್ಳು ಗುಂಡಿಗಳನ್ನೂ ತೋಡುತ್ತದೆ. ಕಳ್ಳರು ಬಂದರೆ ಖಾಲಿ ಗುಂಡಿ ಕೆದರಿ ಹೋಗಲಿ ಅಂತ ಇರಬೇಕು. ಆಮೇಲೆ ಅದು ತನ್ನ ದಾರಿ ಹಿಡಿಯುತ್ತದೆ. ಮರಿ ಹೊರಗೆ ಬರಲು ಐದೂವರೆ ತಿಂಗಳಿಂದ ಎಂಟು ತಿಂಗಳ ಮ್ಯಾಲೂ ಬೇಕು. ಹುಟ್ಟಿದ ಮರಿಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಹುಟ್ಟಿದ ದಿನದಿಂದ ಒಂಟಿ ಜೀವನ.

ಇಂಥ ಪ್ರಾಣಿ ಮನುಷ್ಯರ ಜೋಡಿ ದೋಸ್ತಿ ಮಾಡ್ತದೇನು? ಕಥೆಗಳಲ್ಲಿ ಮಾಡ್ತದ. ಮತ್ತು ಆ ಕಥೆಗಳಿಗೂ ನಮ್ಮ ಬೀದರಕ್ಕೂ ಸಂಬಂಧ ಅದ.

ಮುಧೋಳದ ರಾಜಮನೆತನದ ಅಡ್ಡಹೆಸರು ಘೋರ್ಪಡೆ. ಆ ಹೆಸರು ಹ್ಯಾಂಗ ಬಂತು ಎಂದು ಆ ಮನೆತನದವರು ಒಂದು ಕಥೆ ಹೇಳಿಕೊಂಡು ಬಂದಾರ. ಬಹಮನಿ ಸುಲ್ತಾನರ ಕಾಲದಲ್ಲಿ ಅವರ ಹಿರಿಯರು ಖೇಳಣಾ ಕೋಟೆಗೆ ಮುತ್ತಿಗೆ ಹಾಕಿದ್ದರು. ಈಗ ಅದನ್ನು ವಿಶಾಳಗಡ ಅಂತಾರ, ಕೊಲ್ಲಾಪುರ ಜಿಲ್ಲೆಯಲ್ಲಿದೆ. ಗೋಡೆ ಹತ್ತಲು ಆಗಲಿಲ್ಲ. ಆಗ ಉಡಕ್ಕೆ ಹಗ್ಗ ಕಟ್ಟಿ ಮೇಲೆ ಬಿಟ್ಟು, ಆ ಹಗ್ಗ ಹಿಡಿದು ಹತ್ತಿ ಕೋಟೆ ಗೆದ್ದರಂತೆ. ಅದಕ್ಕೇ 1471ರಲ್ಲಿ ಸುಲ್ತಾನ ಮುಹಮ್ಮದ ಶಹಾ ಅವರಿಗೆ ಈ ಬಿರುದು ಕೊಟ್ಟನಂತೆ. ಆಗ ಬಹಮನಿ ರಾಜ್ಯದ ರಾಜಧಾನಿ ಯಾವುದು? ನಮ್ಮ ಬೀದರ! ಮಹಮೂದ ಗಾವಾನ ಅಲ್ಲಿ ವಜೀರನಾಗಿದ್ದ. ಅವನ ಮದರಸಾ ಕಟ್ಟಿದ್ದು ಮರುವರ್ಷವೇ, 1472ರಲ್ಲಿ.

ಇನ್ನೊಂದು ಕಥೆ ಶಿವಾಜಿ ಮಹಾರಾಜರ ಸರದಾರ ತಾನಾಜಿಯದು. 1670ರ ಫೆಬ್ರುವರಿಯಲ್ಲಿ ಪುಣೆ ಹತ್ತಿರದ ಕೊಂಢಾಣಾ ಕೋಟೆ ಹತ್ತುವಾಗ ಯಶವಂತಿ ಎಂಬ ಉಡ ಅವನಿಗೆ ಸಹಾಯ ಮಾಡಿತು ಎಂದು ಹಾಡುತ್ತಾರೆ. ತಾನಾಜಿ ಕೋಟೆಗಾಗಿ ಜೀವ ಕೊಟ್ಟಿದ್ದು ಖರೇ. ಉಡದ ಮಾತು ಹಾಡಿನ ಮಾತು.

ನನಗೆ ಈ ಕಥೆ ಸೇರ್ತಾವ. ಆದರೆ ಲೆಕ್ಕ ಮಾಡಿ ನೋಡ್ರಿ. ದೊಡ್ಡ ಉಡದ ತೂಕವೂ ಹೆಚ್ಚೆಂದರೆ ಏಳು ಕಿಲೋ. ಕತ್ತಿ ಗುರಾಣಿ ಕಟ್ಟಿಕೊಂಡ ಸಿಪಾಯಿಯ ತೂಕ ಅರವತ್ತು ಎಪ್ಪತ್ತು ಕಿಲೋ. ಅಷ್ಟು ಭಾರ ಆ ಸಣ್ಣ ಪ್ರಾಣಿ ತಡೀತದೇನು? ಇನ್ನೊಂದು ಮಾತು, 'ಈ ಗೋಡೆ ಹತ್ತು, ಇಲ್ಲೇ ನಿಲ್ಲು' ಅಂದರೆ ಉಡ ಕೇಳ್ತದೇನು? ಅದಕ್ಕೆ ಬೇಕಾದದ್ದು ಬಿಲ, ಬಿಸಿಲು, ಹುಳ. ನಮ್ಮ ಕೋಟೆ ಅಲ್ಲ.

ಕಥೆಯನ್ನು ಕಥೆ ಅಂತ ತಿಳಿಯದಿದ್ದರೆ ಏನಾಗ್ತದ ಅನ್ನುವುದಕ್ಕೆ ಒಂದು ಸಂಗತಿ ಹೇಳಲೇಬೇಕು. ಈ ವರ್ಷ ನಮ್ಮೂರ ಹಳೇ ಹುಡೇದ ಬುಡಕ್ಕೆ ಒಂದು ಉಡ ಸತ್ತು ಬಿದ್ದಿತ್ತು. ಅದರ ನಡುವಿಗೆ ಸುತಲಿ ಬಿಗಿದು ಕಟ್ಟಿತ್ತು. ಸುತಲಿಯ ಇನ್ನೊಂದು ತುದಿ ಹರಿದಿತ್ತು. ಯಾರು ಕಟ್ಟಿದ್ದರು ಅಂತ ನಾನು ಬರೆಯುವುದಿಲ್ಲ, ಅವರ ಹೆಸರು ಹಚ್ಚುವುದು ನನ್ನ ಉದ್ದೇಶ ಅಲ್ಲ. ಅವರೂ ತಾನಾಜಿ ಆಟ ಆಡಿದ್ದರು. ಉಡ ತಮ್ಮ ಮಾತು ಕೇಳ್ತದ ಅಂತ ನಂಬಿದ್ದರು. ಅದು ಹೆದರಿ ಕಲ್ಲಿನ ಸಂದಿಯಲ್ಲಿ ಪಟ್ಟು ಹಿಡಿದಿರಬೇಕು, ಇವರು ಜಗ್ಗಿರಬೇಕು. ಅದರ ಉಗುರು ಎರಡು ಕಿತ್ತು ಹೋಗಿದ್ದವು. ಅದನ್ನು ನೋಡಿದ ಮ್ಯಾಲ ನನಗೆ ಆ ಕಥೆ ಮೊದಲಿನಂಗ ಕೇಳಲಿಕ್ಕೆ ಆಗವಲ್ದು.

ಕೆಲವರು ಕೇಳಬಹುದು, ಸಾಕಿದರೆ ಉಡ ಗುರುತು ಹಿಡಿಯುವುದಿಲ್ಲವೇ? ಹಿಡಿಯಬಹುದು. ಲಂಡನ್ ಪ್ರಾಣಿ ಸಂಗ್ರಹಾಲಯದಲ್ಲಿ 1927ರ ನಂತರ ಸುಂಬಾವಾ ಎಂಬ ಕೊಮೊಡೊ ಡ್ರ್ಯಾಗನ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಜೋನ್ ಪ್ರಾಕ್ಟರ್ ಎಂಬ ವಿಜ್ಞಾನಿ ಅಕ್ಕಾ ಅದರ ಮೈ ಸವರುತ್ತಿದ್ದರು, ಅದು ಅವರ ಸಂಗಾಟ ಅಡ್ಡಾಡುತ್ತಿತ್ತು. ಆದರೆ ಅದು ಬಂದೀಖಾನೆಯ ಗುರುತು. ದಿನಾ ಊಟ ಹಾಕುವ ಕೈ ಯಾವುದು ಅಂತ ತಿಳಿಯುವುದು ಬೇರೆ, ದೋಸ್ತಿ ಬೇರೆ. ಬದುವಿನ ಉಡಕ್ಕೆ ನಮ್ಮ ಊಟ ಬೇಕಾಗಿಲ್ಲ. ನಮ್ಮಿಂದ ದೂರ ಇರುವುದೇ ಅದರ ಸ್ವಭಾವ.

ಈಗ ನನ್ನ ಮುಖ್ಯ ವಿಚಾರಕ್ಕೆ ಬರುತ್ತೇನೆ. ನಾವು ಮನುಷ್ಯರು ನಮ್ಮ ಮಾತು ಕೇಳುವ ಪ್ರಾಣಿಗೆ ಮಾತ್ರ ಮರ್ಯಾದೆ ಕೊಡ್ತೀವಿ. ಘೋರ್ಪಡೆ ರಾಜರನ್ನೇ ನೋಡ್ರಿ. ಅವರು ಸಾಕಿ ಬೆಳೆಸಿದ್ದರಿಂದ ಮುಧೋಳ ನಾಯಿ ಹೆಸರುವಾಸಿ ಆಯಿತು. 2005ರಲ್ಲಿ ಅದರ ಚಿತ್ರ ಅಂಚೆ ಚೀಟಿಯ ಮೇಲೆ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಆ ನಾಯಿಗಾಗಿ ಸಂಶೋಧನಾ ಕೇಂದ್ರ ಅದ. ಅದು ನಮ್ಮ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ನಮ್ಮ ಭಾಲ್ಕಿ ತಾಲೂಕಿನ ಕಟ್ಟಿ ತೂಗಾಂವದಲ್ಲಿ ದೇವಣಿ ದನಗಳಿಗೂ ಇದೇ ವಿಶ್ವವಿದ್ಯಾಲಯದ ಕೇಂದ್ರ ಅದ. ಭಾಳ ಒಳ್ಳೆಯದು. ನಾಯಿ ಮನಿ ಕಾಯ್ತದ, ದೇವಣಿ ಎತ್ತು ಹೊಲ ಉಳ್ತದ. ಆದರೆ ಆ ರಾಜಮನೆತನಕ್ಕೆ ಹೆಸರು ಕೊಟ್ಟದ್ದು ಉಡ. ಅದಕ್ಕೆ ಸಿಕ್ಕಿದ್ದು ಏನು? ಕಲ್ಲು, ಬಡಿಗಿ ಮತ್ತು ಸುತಲಿ.

ದೋಸ್ತಿ ಮಾಡದಿದ್ದರೂ ಉಡ ನಮಗೆ ಉಪಕಾರ ಮಾಡುತ್ತದೆ. ಅದು ತಿನ್ನುವುದು ಏನು? ಹುಳ, ಜೀರುಂಡೆ, ಚೇಳು, ಇಲಿ, ಬಸವನಹುಳ, ಸತ್ತ ಪ್ರಾಣಿ. ತೊಗರಿ ಸೋಯಾ ಬೆಳೆಯುವ ನಮ್ಮ ರೈತರಿಗೆ ಇಲಿ ಎಂಥ ವೈರಿ ಅಂತ ಹೇಳಬೇಕಾಗಿಲ್ಲ. ಉಡ ಪಗಾರ ಕೇಳದೆ ದುಡಿಯುವ ಆಳು.

ಉಡದ ವಿರುದ್ಧ ಹೇಳುವ ಮಾತುಗಳೂ ಅವ. ಅವುಗಳಿಗೂ ಉತ್ತರ ಕೊಡಬೇಕು.

ಒಂದು, ಅದು ಕೋಳಿ ಮರಿ, ಮೊಟ್ಟೆ ತಿನ್ನುತ್ತದೆ. ಇದು ಖರೇ. ಔರಾದ ತಾಲೂಕಿನಲ್ಲಿರುವ ನಮ್ಮ ಮಾಮಾನ ಹೊಲದ ಮನೆಯಲ್ಲಿ ಹಾಡೇ ಹಗಲು ಬಂದು ಮೊಟ್ಟೆ ತಿಂದಿತ್ತು. ಮಾಮಾ ಕೊಲ್ಲಲಿಲ್ಲ. ಕೋಳಿ ಗೂಡಿಗೆ ತಂತಿ ಜಾಳಿಗೆ ಬಡಿಸಿದರು, ಬುಡಕ್ಕೆ ಕಲ್ಲು ಇಟ್ಟರು. ಉಡ ಬರುವುದು ನಿಂತಿತು.

ಎರಡು, ಉಡಕ್ಕೆ ವಿಷ ಅದ ಅಂತಾರ. ನಾಗರಹಾವಿನಂತೆ ಕಚ್ಚಿ ಮನುಷ್ಯರನ್ನು ಕೊಲ್ಲುವ ಪ್ರಾಣಿ ಅದಲ್ಲ. ಹಿಡಿಯಲು ಹೋದರೆ ಮಾತ್ರ ಕಚ್ಚುತ್ತದೆ, ಬಾಲದಿಂದ ಹೊಡೆಯುತ್ತದೆ. ಕಚ್ಚಿದರೆ ಸಾಬೂನು ನೀರಿನಿಂದ ತೊಳೆದು ದವಾಖಾನಿಗೆ ಹೋಗಬೇಕು. ಎಲ್ಲಕ್ಕಿಂತ ಛಲೋ ಉಪಾಯ ಅಂದರೆ ಹಿಡಿಯದೇ ಇರುವುದು.

ಮೂರು, ಉಡ ಮನಿ ಹೊಕ್ಕರೆ ಅಪಶಕುನ, ಮನಿ ಬಿಡಬೇಕು ಅಂತಾರ. ಗುರುಗಳೇ, ಹಿರಿಯರ ಮಾತಿಗೆ ಎದುರಾಡಿದೆ ಅಂತ ಸಿಟ್ಟಾಗಬೇಡಿ. ಇಲಿಯ ವಾಸನೆ ಹಿಡಿದು ಬಂದ ಪ್ರಾಣಿಗೆ ಶಕುನ ಏನು ಗೊತ್ತು? ಬಾಗಿಲು ತೆರೆದು ದೂರ ನಿಂತರೆ ತಾನೇ ಹೋಗ್ತದ. ಹೋಗದಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಬೇಕು.

ನಾಲ್ಕು, ಅದರ ಎಣ್ಣೆ ಕೀಲುನೋವಿಗೆ ಔಷಧ, ಅದರ ಅಂಗ ಮನೆಯಲ್ಲಿಟ್ಟರೆ ರೊಕ್ಕ ಬರ್ತದ ಅಂತ ಮಾರುವವರು ಇದ್ದಾರೆ. ಹತ್ತಾ ಜೋಡಿ ಎಂಬ ಬೇರು ಅಂತ ಹೇಳಿ ಮಾರುವುದು ಬೇರೇ ಅಲ್ಲ. ಅದು ಕೊಂದ ಗಂಡು ಉಡದ ಒಣಗಿಸಿದ ಅಂಗ ಎಂದು 2017ರಲ್ಲಿ ಬಯಲಿಗೆ ಬಂತು. ಅದರಿಂದ ರೊಕ್ಕ ಬರುವುದು ಮಾರುವವನಿಗೆ ಮಾತ್ರ!

ಕಾನೂನೂ ಇದೆ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಯಲ್ಲಿ ಉಡದ ಹೆಸರಿದೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. 2022ರ ತಿದ್ದುಪಡಿಯ ಪ್ರಕಾರ ಕೊಂದವರಿಗೆ 3ರಿಂದ 7 ವರ್ಷ ಜೈಲು, ಕಡಿಮೆ ಎಂದರೆ 25,000 ರೂಪಾಯಿ ದಂಡ. ಆದರೆ ನಾನು ಜೈಲಿನ ಹೆದರಿಕೆ ಹಾಕಲು ಇದನ್ನು ಬರೆಯುತ್ತಿಲ್ಲ. ಹೊಟ್ಟೆಗಿಲ್ಲದೆ ಉಡ ಹಿಡಿದು ತಿಂದ ಬಡವರೂ ಇರುತ್ತಾರೆ. ಅವರನ್ನು ಹಂಗಿಸುವುದು ಸರಿಯಲ್ಲ, ಅವರಿಗೆ ಬೇರೆ ಕೆಲಸ, ಬೇರೆ ಊಟ ಸಿಗಬೇಕು. ನನ್ನ ಮಾತು ಹೊಟ್ಟೆ ತುಂಬಿದ ನಮಗೆ, ಆಟಕ್ಕೆ ಕಲ್ಲು ಒಗೆಯುವವರಿಗೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಉಡ ಕಂಡರೆ ಬೆನ್ನು ಹತ್ತಬೇಡಿ, ನಾಯಿ ಬಿಡಬೇಡಿ. ಬದುವಿನ ಹುತ್ತ ಕೆದರಬೇಡಿ, ಒಳಗೆ ಎಂಟು ತಿಂಗಳು ಕಾಯುವ ಮೊಟ್ಟೆ ಇರಬಹುದು. ಸಂತೆಯಲ್ಲಿ ಉಡದ ಎಣ್ಣೆ ಕೊಳ್ಳಬೇಡಿ ಅಂತ ಮನೆಯ ಹಿರಿಯರಿಗೆ ಹೇಳಿ. ಗುರುಗಳಲ್ಲಿ ಒಂದು ಕೇಳಿಕೆ: ತಾನಾಜಿ ಪಾಠ, ಬಹಮನಿ ಪಾಠ ಹೇಳುವಾಗ ಉಡದ ಖರೇ ಗುಣಗಳನ್ನೂ ಐದು ನಿಮಿಷ ಹೇಳಬೇಕು.

ನಾಯಿ ನಮ್ಮನ್ನು ಪ್ರೀತಿಸುತ್ತದೆ, ಅದಕ್ಕೆ ನಾವೂ ಪ್ರೀತಿಸುತ್ತೇವೆ. ಅದು ಕೊಟ್ಟು ತಗೊಳ್ಳುವ ಲೆಕ್ಕ, ಅದರಲ್ಲಿ ದೊಡ್ಡತನ ಏನಿಲ್ಲ. ನಮ್ಮನ್ನು ಕಂಡರೆ ಓಡುವ, ನಮ್ಮ ಹೆಸರು ಗೊತ್ತಿಲ್ಲದ, ನೋಡಲು ಛಂದ ಇಲ್ಲದ ಪ್ರಾಣಿಯನ್ನು ಅದರ ಪಾಡಿಗೆ ಬಿಡುವುದೇ ಖರೇ ದಯೆ ಅಂತ ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ತಿಂಗಳ ಪತ್ರಿಕೆಗೆ ಉತ್ತರ ಬರೆಯಿರಿ. ನಾನೂ ಓದುತ್ತೇನೆ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿಯ ವಿದ್ಯಾರ್ಥಿನಿ